ಕಾಲು ನೋವಿಗೆ ಸೈಕಲ್ ಬಿಡಬೇಕೆ?

"ಈ ವಯಸ್ಸಿನಲ್ಲಿ ನಿಮಗೆ ಸೈಕಲ್ ಯಾಕೆ ಬೇಕಿತ್ತು?" ಈ ಮಾತನ್ನು ನಾನು 2023ರ ಮಳೆಗಾಲದಿಂದ 2024ರ ಸಂಕ್ರಾಂತಿಯ ತನಕ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮನೆಯಲ್ಲಿ ಕೇಳಿದೆ, ಸ್ಟಾಫ್ ರೂಮಿನಲ್ಲಿ ಕೇಳಿದೆ, ಔಷಧಿ ಅಂಗಡಿಯ ಮುಂದೆ ನಿಂತು ಕೇಳಿದೆ, ಕೊನೆಗೆ ಫೀಸು ಕೊಟ್ಟು ಡಾಕ್ಟರ ಬಾಯಿಂದಲೂ ಕೇಳಿದೆ. ಹಾಗೆ ಅಂದವರು ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನ ಹಿತ ಬಯಸುವವರೇ. ಆದರೂ ಅವರೆಲ್ಲರ ಜೊತೆ ನನಗೊಂದು ಜಗಳವಿದೆ. ಅದನ್ನು ಇಲ್ಲಿ ಆಡಿ ಮುಗಿಸುತ್ತೇನೆ. ಅದರಲ್ಲಿ ನನ್ನ ಜೊತೆಗೇ ನನಗಿರುವ ಜಗಳವೂ ಸೇರಿದೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮೂರು ತಿಪಟೂರು. ನಾನು ಪಾಠ ಹೇಳುವ ಪ್ರೌಢಶಾಲೆ ಇರುವುದು ಐದು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ದಾರಿಯ ಎರಡೂ ಕಡೆ ತೆಂಗಿನ ತೋಟ. ಸಣ್ಣವಳಿದ್ದಾಗ ಅಣ್ಣನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು, ಮಂಡಿ ತರಚಿಸಿಕೊಂಡು ಸೈಕಲ್ ಕಲಿತವಳು ನಾನು. ದೊಡ್ಡವಳಾದ ದಿನವೇ ಅಜ್ಜಿ ಅದನ್ನು ನಿಲ್ಲಿಸಿದರು. ಕಾರಣ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಆಮೇಲೆ ಓದು, ಮದುವೆ, ನೌಕರಿ, ಮಕ್ಕಳು. 2021ರಲ್ಲಿ ಕೊರೊನಾದ ಎರಡನೇ ಅಲೆ ಇಳಿದು ಶಾಲೆ ತೆರೆದಾಗ ಹಳ್ಳಿಯ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಆಗ ಒಂದು ಲೇಡೀಸ್ ಸೈಕಲ್ ಕೊಂಡೆ. ಮೊದಲ ದಿನ ಸೆರಗು ಸಿಕ್ಕಿಸಿ ಹತ್ತಿದಾಗ ಎದೆ ಡವಡವ ಎನ್ನುತ್ತಿತ್ತು. ನೂರು ಗಜ ಹೋಗುವಷ್ಟರಲ್ಲಿ, ಮೂವತ್ತೆಂಟು ವರ್ಷ ಎಲ್ಲೋ ಕಟ್ಟಿಹಾಕಿದ್ದ ಯಾವುದೋ ಒಂದು ಬಿಚ್ಚಿಕೊಂಡಂತಾಯಿತು. ಅದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಹಿಡಿತ ತಪ್ಪಿ ಬಿದ್ದವರು ಮತ್ತೆ ಎದ್ದು ತುಳಿದಿದ್ದರೆ ಅವರಿಗೆ ಅರ್ಥವಾಗುತ್ತದೆ.

ಎರಡು ವರ್ಷ ಸುಖವಾಗಿ ತುಳಿದೆ. 2023ರ ಜುಲೈನಲ್ಲಿ ನೋವು ಶುರುವಾಯಿತು. ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ತೊಡೆಯ ಮುಂಭಾಗ ಹಗ್ಗ ಹೊಸೆದಂತೆ ಬಿಗಿಯುತ್ತಿತ್ತು. ಇನ್ನಷ್ಟು ದೂರ ಹೋದರೆ ಮೀನಖಂಡ ಕಲ್ಲಾಗುತ್ತಿತ್ತು. ಇಳಿದು ತೋಟದ ಬೇಲಿ ಹಿಡಿದು ನಿಂತರೆ ನಿಧಾನವಾಗಿ ಸಡಿಲವಾಗುತ್ತಿತ್ತು. ಮತ್ತೆ ಹತ್ತಿದರೆ ಮತ್ತೆ ಅದೇ. ಗಾಯವಿಲ್ಲ, ಊತವಿಲ್ಲ, ಉಳುಕಿದ ನೆನಪಿಲ್ಲ. ಮಂಡಿಯಲ್ಲಿ ನೋವಿಲ್ಲ, ಕೀಲಿನಲ್ಲಿ ನೋವಿಲ್ಲ, ಮಾಂಸಖಂಡದಲ್ಲೇ ನೋವು. ಇಷ್ಟು ಸ್ಪಷ್ಟವಾಗಿ ನಾನು ಎಲ್ಲರಿಗೂ ಹೇಳಿದೆ. ಪಾಠ ಹೇಳುವವಳಲ್ಲವೇ, ಬಿಡಿಸಿ ಹೇಳುವುದು ಅಭ್ಯಾಸ. ಯಾರೂ ಪೂರ್ತಿ ಕೇಳಲಿಲ್ಲ.

ಅತ್ತೆಯವರು "ವಾಯು ತುಂಬಿಕೊಂಡಿದೆ, ಬೆಳ್ಳುಳ್ಳಿ ತಿನ್ನು" ಎಂದರು. ಯಜಮಾನರು "ವಯಸ್ಸು ಕಣೇ" ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದರು. ಸಹೋದ್ಯೋಗಿ ಒಬ್ಬರು ದನಿ ತಗ್ಗಿಸಿ, "ನಿಮಗೆ ಮುಟ್ಟು ನಿಂತು ಎಷ್ಟು ದಿನ ಆಯ್ತು ಅಕ್ಕಾ? ಅದೇ ಇರ್ಬೇಕು" ಎಂದರು. ಇನ್ನೊಬ್ಬರು, "ಶಕ್ತಿ ಯೋಜನೆ ಬಂದಿದೆ, ಬಸ್ಸು ಫ್ರೀ. ಸೈಕಲ್ ತುಳಿಯೋ ಕರ್ಮ ಯಾಕೆ ಮೇಡಂ?" ಎಂದರು. ಬೆಂಗಳೂರಿನಲ್ಲಿರುವ ಮಗಳು ವಾಟ್ಸಾಪಿನಲ್ಲಿ ವ್ಯಾಯಾಮದ ವಿಡಿಯೋ ಕಳಿಸಿದಳು. ಔಷಧಿ ಅಂಗಡಿಯ ಹುಡುಗ ಏನನ್ನೂ ಕೇಳದೆ ನೋವಿನ ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೊಟ್ಟ. ಅದನ್ನು ನುಂಗಿ ಹೊಟ್ಟೆ ಉರಿ ಬಂತು. ಹೊಟ್ಟೆ ಉರಿಗೆ ಇನ್ನೊಂದು ಮಾತ್ರೆ ಕೊಟ್ಟ.

ಕೊನೆಗೆ ಒಂದು ಆಸ್ಪತ್ರೆಗೆ ಹೋದೆ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ. ಇಂಥದ್ದು ನಿಮ್ಮೂರಿನಲ್ಲೂ ಒಂದಿರುತ್ತದೆ. ಡಾಕ್ಟರು ನನ್ನ ಕಾಲನ್ನು ಮುಟ್ಟಿ ನೋಡಲಿಲ್ಲ. ಮಂಡಿಯ ಎಕ್ಸ್‌ರೇ ಬರೆದರು. ಅದನ್ನು ಬೆಳಕಿಗೆ ಹಿಡಿದು "ಸವೆದಿದೆ" ಎಂದರು. "ಮಂಡಿ ನೋಯ್ತಿಲ್ಲ ಸಾರ್" ಎಂದೆ. "ನೋಯುತ್ತೆ" ಎಂದರು! ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಅದಕ್ಕೆ ಅಟೊರ್ವಾಸ್ಟಾಟಿನ್ ಮಾತ್ರೆ ಬರೆದರು. "ಸೈಕಲ್ ಬಿಟ್ಟುಬಿಡಿ. ಎಲ್ಲ ಸರಿಹೋಗುತ್ತೆ" ಎಂದು ಚೀಟಿಯನ್ನು ನನ್ನ ಕಡೆ ತಳ್ಳಿದರು. ಮಾತ್ರೆ ಶುರು ಮಾಡಿ ಮೂರು ವಾರಕ್ಕೆ ಬಿಗಿತ ತೋಳಿಗೂ ಬಂತು. ಬೋರ್ಡಿನ ಮೇಲಿನ ಸಾಲಿನಲ್ಲಿ ಬರೆಯಲು ಕೈ ಎತ್ತಿದರೆ ಭುಜ ಹಿಡಿದುಕೊಳ್ಳುತ್ತಿತ್ತು. ಬೋರ್ಡಿನ ಮೇಲೆ ಬರೆಯುವುದನ್ನು ಬಿಡಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ನನ್ನ ಜಗಳ ಇಲ್ಲಿಂದಲೇ ಶುರು. ನೀವೇ ಯೋಚಿಸಿ ನೋಡಿ. ನಮ್ಮ ಅಮ್ಮಂದಿರು ಒರಳುಕಲ್ಲಿನ ಮುಂದೆ ಕೂತು ರುಬ್ಬಿ ರುಬ್ಬಿ ಸೊಂಟ ಹಿಡಿಸಿಕೊಂಡರು. ಬಾವಿಯಿಂದ ನೀರು ಸೇದಿ ಭುಜ ಕಳೆದುಕೊಂಡರು. ಆಗ ಅವರಿಗೆ "ರುಬ್ಬುವುದು ಬಿಟ್ಟುಬಿಡು, ನೀರು ಸೇದುವುದು ಬಿಟ್ಟುಬಿಡು" ಎಂದು ಹೇಳಿದವರು ಉಂಟೆ? ಹರಳೆಣ್ಣೆ ಹಚ್ಚಿಕೋ, ಬಿಸಿನೀರು ಹಾಕಿಕೋ, ನಾಳೆ ದೋಸೆಗೆ ನೆನೆಹಾಕುವುದು ಮರೀಬೇಡ ಎಂದರು. ಇಂದಿಗೂ ನಾವು ಒಲೆಯ ಮುಂದೆ ಬೆಳಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ನಿಂತು ಕಾಲು ನೋಯಿಸಿಕೊಳ್ಳುತ್ತೇವೆ. ಆ ನೋವಿಗೆ ಯಾರೂ "ಅಡುಗೆ ಬಿಟ್ಟುಬಿಡಿ" ಎಂದು ಚೀಟಿ ಬರೆದುಕೊಡುವುದಿಲ್ಲ. ಮನೆಗೆ ಬೇಕಾದ ಕೆಲಸದಲ್ಲಿ ಹೆಂಗಸಿಗೆ ನೋವು ಬಂದರೆ ನೋವಿಗೆ ಮದ್ದು. ಅವಳಿಗೆ ಇಷ್ಟವಾದ ಕೆಲಸದಲ್ಲಿ ನೋವು ಬಂದರೆ ಆ ಕೆಲಸಕ್ಕೇ ಕತ್ತರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ ಅಲ್ಲವೆ?

ಇದೇನು ಹೊಸ ರೋಗವಲ್ಲ. 1890ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಹೆಂಗಸರು ಸೈಕಲ್ ಹತ್ತಿದಾಗ ಅಲ್ಲಿನ ಕೆಲವು ವೈದ್ಯರು "ಸೈಕಲ್ ಮುಖ" ಎಂಬ ಒಂದು ಕಾಯಿಲೆಯನ್ನೇ ಹುಟ್ಟಿಸಿದ್ದರು. ಸೈಕಲ್ ತುಳಿದರೆ ಮುಖ ಬಿಗಿದುಕೊಳ್ಳುತ್ತದೆ, ಕಣ್ಣು ಹೊರಬರುತ್ತದೆ, ಹೆಂಗಸರಿಗಂತೂ ಇದು ಹೆಚ್ಚು ಎಂದು ಹೆದರಿಸಿದರು. ಅಂಥ ಕಾಯಿಲೆ ಇರಲೇ ಇಲ್ಲ. ಅದೇ ಕಾಲದಲ್ಲಿ, 1896ರಲ್ಲಿ, ಅಮೆರಿಕದ ಮಹಿಳಾ ಹೋರಾಟಗಾರ್ತಿ ಸೂಸನ್ ಆಂಟನಿ, ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಬೇರೊಂದಿಲ್ಲ ಎಂಬ ಅರ್ಥದ ಮಾತು ಹೇಳಿದ್ದರು. ಅಷ್ಟು ದೂರ ಯಾಕೆ? ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ, ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸುವ ಏರ್ಪಾಡು ಮಾಡಿದರು. ಹೊಲದ ಕೂಲಿಯವರು, ಕಲ್ಲು ಕ್ವಾರಿಯ ಹೆಂಗಸರು, ನರ್ಸುಗಳು, ಟೀಚರುಗಳು ಹೀಗೆ ಹತ್ತಾರು ಸಾವಿರ ಮಂದಿ ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ಬರೆದಿದ್ದಾರೆ. ಆ ಹೆಂಗಸರಿಗೆ ಕಾಲು ನೋವು ಬರಲಿಲ್ಲವೆ? ಬಂದೇ ಇರುತ್ತದೆ. ಹಾಗೆಂದು ಸೈಕಲ್ ಬಿಟ್ಟಿದ್ದರೆ ನೀರಿಗೂ ಕೂಲಿಗೂ ಗಂಡಸಿನ ದಾರಿ ಕಾಯುತ್ತಾ ಕೂರಬೇಕಾಗಿತ್ತು.

ಇನ್ನು ನನ್ನ ಮೇಲಿನ ದೂರು. ನಾನು ಡಾಕ್ಟರ ಮೇಲೆ ಸಿಟ್ಟು ಮಾಡಿಕೊಂಡು ಓಡಾಡುತ್ತಿದ್ದ ಆಗಸ್ಟ್ ತಿಂಗಳಲ್ಲೇ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಿನವೂ ಪ್ರಾರ್ಥನೆ ಮುಗಿದ ಮೇಲೆ ಬರತೊಡಗಿದಳು. ನಾಲ್ಕು ಕಿಲೋಮೀಟರ್ ದೂರದ ಊರಿನಿಂದ ಅಣ್ಣನ ಹಳೆಯ ಸೈಕಲ್ಲಿನಲ್ಲಿ ಬರುವವಳು. ಯಾಕೆ ತಡ ಎಂದು ಗದರಿಸಿದೆ. "ತುಳಿಯೋಕಾಗಲ್ಲ ಮಿಸ್, ಕಾಲು ಹಿಡ್ಕೊಳ್ತದೆ. ನಿಂತು ನಿಂತು ಬರ್ತೀನಿ" ಎಂದಳು. ನಾನು ಏನು ಹೇಳಿದೆ ಗೊತ್ತೆ? "ನಿನ್ನ ವಯಸ್ಸಿಗೆ ಎಂಥ ಕಾಲು ನೋವೇ? ನಾಟಕ ಆಡ್ಬೇಡ, ಬೆಳಗ್ಗೆ ಬೇಗ ಏಳೋದು ಕಲಿ" ಎಂದೆ. ತರಗತಿಯ ಮಕ್ಕಳೆಲ್ಲ ನಕ್ಕರು. ಅವಳು ತಲೆ ತಗ್ಗಿಸಿ ಹಿಂದಿನ ಬೆಂಚಿಗೆ ಹೋದಳು. ಆಮೇಲೆ ಅವಳು ಕಾಲು ನೋವಿನ ಮಾತು ಎತ್ತಲಿಲ್ಲ. ದಸರಾ ರಜೆ ಮುಗಿದು ಮೂರು ವಾರವಾದರೂ ಅವಳು ಶಾಲೆಗೆ ಬರಲಿಲ್ಲ.

ನನಗೆ ಜನ ಹೇಳಿದ್ದು, ನಿಮ್ಮ ವಯಸ್ಸಿಗೆ ನೋವು ಇದ್ದದ್ದೇ, ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ ಎಂದು. ನಾನು ಆ ಹುಡುಗಿಗೆ ಹೇಳಿದ್ದು, ನಿನ್ನ ವಯಸ್ಸಿಗೆ ನೋವು ಬರುವುದೇ ಇಲ್ಲ, ಆದ್ದರಿಂದ ಕಾರಣ ಹುಡುಕಬೇಕಾಗಿಲ್ಲ ಎಂದು. ಹಾಗಾದರೆ ಹೆಣ್ಣು ತನ್ನ ಕಾಲು ನೋಯುತ್ತಿದೆ ಎಂದರೆ ನಂಬುವ ವಯಸ್ಸು ಯಾವುದು? ಹದಿನಾಲ್ಕಕ್ಕೆ ನಾಟಕ, ಇಪ್ಪತ್ತೈದಕ್ಕೆ ಬಾಣಂತಿತನದ ನಂಜು, ನಲವತ್ತಕ್ಕೆ ಟೆನ್ಷನ್, ಐವತ್ತಕ್ಕೆ ಮುಟ್ಟು ನಿಲ್ಲುವ ಕಾಲ, ಅರವತ್ತಕ್ಕೆ ಮುಪ್ಪು. ಪಟ್ಟಿಯಲ್ಲಿ ಎಲ್ಲ ವಯಸ್ಸಿಗೂ ಒಂದೊಂದು ಸಿದ್ಧ ಉತ್ತರವಿದೆ. ಉತ್ತರ ಸಿದ್ಧವಾಗಿರುವಾಗ ಪ್ರಶ್ನೆ ಕೇಳುವ ಗೋಜು ಯಾರಿಗೆ ಬೇಕು?

ನನಗೆ ಮೊದಲು ಪ್ರಶ್ನೆ ಕೇಳಿದವರು ಡಾಕ್ಟರಲ್ಲ, ನಮ್ಮ ಸೈಕಲ್ ಶಾಪಿನ ಹಿರಿಯ ಸಾಬರು. ದೀಪಾವಳಿಯ ಹಿಂದಿನ ವಾರ ಪಂಕ್ಚರ್ ಹಾಕಿಸಲು ಹೋಗಿದ್ದೆ. ಸೈಕಲ್ ಹತ್ತಿ ಹೊರಟವಳನ್ನು ಕೂಗಿ ನಿಲ್ಲಿಸಿದರು. "ಟೀಚರಮ್ಮಾ, ಸೀಟು ಯಾಕೆ ಅಷ್ಟು ಕೆಳಗೆ ಇಟ್ಕೊಂಡಿದೀರಿ? ಕಪ್ಪೆ ಕೂತಂಗೆ ತುಳೀತಿದೀರಲ್ಲ, ತೊಡೆ ನೋಯಲ್ವಾ?" ಎಂದರು. ನಾನು ದಂಗಾದೆ. ಸೀಟು ಕೆಳಗಿದ್ದರೆ ಎರಡೂ ಕಾಲು ನೆಲಕ್ಕೆ ಎಟುಕುತ್ತವೆ, ಬೀಳುವ ಭಯವಿಲ್ಲ ಎಂದು ಕೊಂಡ ದಿನವೇ ಪೂರ್ತಿ ಇಳಿಸಿಕೊಂಡಿದ್ದೆ. ಸೀರೆ ಉಟ್ಟು ತುಳಿಯುವ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಆದರೆ ಹಾಗೆ ಮಾಡಿದರೆ ಮಂಡಿ ಅತಿಯಾಗಿ ಮಡಚುತ್ತದೆ, ಕಾಲು ಪೂರ್ತಿ ಚಾಚುವುದೇ ಇಲ್ಲ. ತೊಡೆಯ ಮುಂದಿನ ಸ್ನಾಯುಗಳೇ ಎಲ್ಲ ಭಾರ ಹೊರಬೇಕಾಗುತ್ತದೆ. ಸಾಬರು ಸ್ಪ್ಯಾನರ್ ತಂದು ಸೀಟನ್ನು ನಾಲ್ಕು ಬೆರಳು ಎತ್ತಿದರು. ಅವರು ಹೇಳಿಕೊಟ್ಟ ಲೆಕ್ಕ ಇದು: ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಸೀಟು ಇದಕ್ಕಿಂತ ಎತ್ತರವಾದರೂ ಕಷ್ಟ. ಪೆಡಲ್ ಎಟುಕಿಸಲು ಬೆರಳು ಚಾಚಿ ಚಾಚಿ ಮೀನಖಂಡ ಹಿಡಿದುಕೊಳ್ಳುತ್ತದೆ, ಸೊಂಟ ಅತ್ತಿತ್ತ ಹೊರಳುತ್ತದೆ. ಒಣಗಿದ ಚೈನಿಗೆ ಎಣ್ಣೆ ಬಿಟ್ಟರು, ಹಿಂದಿನ ಚಕ್ರಕ್ಕೆ ಉಜ್ಜುತ್ತಿದ್ದ ಬ್ರೇಕನ್ನು ಸಡಿಲಿಸಿದರು, ಗಾಳಿ ಹೊಡೆದರು. "ಬ್ರೇಕ್ ಹಿಡ್ಕೊಂಡೇ ತುಳೀತಿದ್ರಿ ಇಷ್ಟು ದಿನ" ಎಂದರು. ಪಂಕ್ಚರ್ ದುಡ್ಡು ಮಾತ್ರ ತೆಗೆದುಕೊಂಡರು.

ಅವರ ಅಂಗಡಿಯ ಮುಂದೆಯೇ ನನಗೆ ಆ ಹುಡುಗಿಯ ಸೈಕಲ್ ನೆನಪಾಯಿತು. ದೊಡ್ಡ ಗಂಡಸರ ಸೈಕಲ್. ಸೀಟಿನ ಮೇಲೆ ಕೂತರೆ ಅವಳ ಬೆರಳ ತುದಿಯೂ ಸರಿಯಾಗಿ ಪೆಡಲಿಗೆ ಎಟುಕುತ್ತಿರಲಿಲ್ಲ. ಅದನ್ನು ನಾನು ಎಷ್ಟು ದಿನ ಗೇಟಿನ ಬಳಿ ನಿಂತು ನೋಡಿದ್ದೆ! ನೋಡಿಯೂ ಕಂಡಿರಲಿಲ್ಲ.

ಮುಂದಿನ ಭಾನುವಾರ ಅವಳ ಮನೆಗೆ ಹೋದೆ. ಅವಳ ತಾಯಿ ಮಜ್ಜಿಗೆ ಕೊಟ್ಟು ಕೂರಿಸಿದರು. "ಕಾಲು ಬರಲ್ಲ ಅಂತಾಳೆ ಮಿಸ್. ಹತ್ತು ಮುಗಿದ್ರೆ ಹೆಂಗೂ ಬಿಡಿಸೋದೇ. ಒಂದ್ ವರ್ಷ ಮೊದಲೇ ಬಿಟ್ಟಂಗಾಯ್ತು, ಬಿಡಿ" ಎಂದರು. ಎಷ್ಟು ಸುಲಭವಾಗಿ ಅಂದರು! ನನಗೆ "ಸೈಕಲ್ ಬಿಡಿ" ಎಂದಾಗ ಹೋಗುತ್ತಿದ್ದದ್ದು ನನ್ನ ಒಂದು ಸಂತೋಷ ಮಾತ್ರ. ನೌಕರಿ ಹೋಗುತ್ತಿರಲಿಲ್ಲ, ಬಸ್ಸೋ ಆಟೋವೋ ಹಿಡಿದು ಹೋಗುತ್ತಿದ್ದೆ. ಈ ಹುಡುಗಿಗೆ ಸೈಕಲ್ ಬಿಡುವುದು ಅಂದರೆ ಶಾಲೆ ಬಿಡುವುದು. ಅವಳ ಊರಿಗೆ ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಬಸ್ಸೇ ಇಲ್ಲದ ಮೇಲೆ ಫ್ರೀ ಟಿಕೆಟ್ಟು ಏನು ಮಾಡೀತು? ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದೆ. ಕಾಗದದಂತೆ ಬೆಳ್ಳಗಿತ್ತು. ಮರುದಿನ ತಾಯಿಯನ್ನೂ ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಹಿಮೋಗ್ಲೋಬಿನ್ 8.2. ಅವಳ ವಯಸ್ಸಿಗೆ 12 ಇರಬೇಕಾದದ್ದು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಮಾಂಸಖಂಡಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ಕೂತಿದ್ದಾಗ ಗೊತ್ತಾಗದಿದ್ದರೂ ಏರು ತುಳಿಯುವಾಗ ಕಾಲು ಸೋತು ಭಾರವಾಗುತ್ತದೆ, ಏದುಸಿರು ಬರುತ್ತದೆ. ಅದರ ಮೇಲೆ ಅಳತೆಗೆ ಸರಿಯಿಲ್ಲದ ಸೈಕಲ್. ಇದು ನಾಟಕವೆ?

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಇದೆ. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವ ಸರ್ಕಾರಿ ಕಾರ್ಯಕ್ರಮವಿದೆಯಲ್ಲ, ನಮ್ಮ ಶಾಲೆಯಲ್ಲಿ ಅದರ ರಿಜಿಸ್ಟರ್ ಇದ್ದದ್ದು ನನ್ನ ಕೈಯಲ್ಲೇ. ಆ ಹುಡುಗಿಯ ಹೆಸರಿನ ಮುಂದೆ ಪ್ರತಿ ವಾರ ಟಿಕ್ ಹಾಕಿದ್ದೆ. ಮಾತ್ರೆ ಕೈಗೆ ಕೊಟ್ಟದ್ದು ನಿಜ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಹೆದರಿ ಹುಡುಗಿಯರು ಕಿಟಕಿಯಾಚೆ ಎಸೆಯುತ್ತಿದ್ದದ್ದೂ ನಿಜ. ಕಿಟಕಿಯ ಹೊರಗೆ ನೀಲಿ ಮಾತ್ರೆಗಳು ಬಿದ್ದಿದ್ದನ್ನು ಕಂಡು ನಾನು ಗದರಿಸಿದ್ದೆ, ಆದರೆ ಯಾಕೆ ಎಸೆಯುತ್ತೀರಿ ಎಂದು ಕೂರಿಸಿ ಕೇಳಿರಲಿಲ್ಲ. ಮಲ ಕಪ್ಪಾದರೆ ಹೆದರಬೇಡಿ, ಊಟವಾದ ಮೇಲೆ ನುಂಗಿದರೆ ಅಷ್ಟು ತೊಳಸುವುದಿಲ್ಲ, ಜೊತೆಗೆ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ನಿಂಬೆ ಹಣ್ಣೋ ನೆಲ್ಲಿಕಾಯಿಯೋ ತಿಂದರೆ ಚೆನ್ನಾಗಿ ಹತ್ತುತ್ತದೆ ಎಂದು ಈಗ ಹೇಳುತ್ತೇನೆ. ಮೊದಲು ನಾನೇ ತಿಳಿದುಕೊಂಡಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ನೂರಕ್ಕೆ 57, ನಮ್ಮ ಕರ್ನಾಟಕದಲ್ಲಿ ನೂರಕ್ಕೆ 48ರಷ್ಟು. ಅಂದರೆ ಇಬ್ಬರಲ್ಲಿ ಒಬ್ಬಳು. ಇಷ್ಟು ಜನರ ಕಾಲು ನೋಯುತ್ತಿರುವಾಗ ಅದನ್ನು ಸೋಮಾರಿತನ ಎಂದು ಕರೆಯುವ ನಮ್ಮ ಧೈರ್ಯಕ್ಕೆ ಏನು ಹೇಳೋಣ?

ಸರ್ಕಾರದ ಜೊತೆಗೂ ಒಂದು ಮಾತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ನಮ್ಮ ಶಾಲೆಯ ಅಂಗಳಕ್ಕೆ ಹಬ್ಬ ಬಂದಂತಾಗಿತ್ತು. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ಎಷ್ಟೋ ತಕರಾರುಗಳಿದ್ದವು, ನಿಜ. ಆದರೂ ಹುಡುಗಿಯರಿಗೆ ತಮ್ಮದೇ ಎನ್ನುವ ಒಂದು ಲೇಡೀಸ್ ಸೈಕಲ್ ಸಿಗುತ್ತಿತ್ತು. ಕೊರೊನಾ ಕಾಲದಲ್ಲಿ ಅದು ನಿಂತಿತು. ಈ ಹುಡುಗಿ ಎಂಟನೇ ತರಗತಿಗೆ ಬಂದಾಗ ಅವಳಿಗೆ ಸಿಕ್ಕಿದ್ದು ಅಣ್ಣ ಬಿಟ್ಟ ಸೈಕಲ್. ಯೋಜನೆ ನಿಲ್ಲಿಸಿದವರಿಗೆ ಉಳಿದ ಹಣ ಕಂಡಿರಬಹುದು. ನನಗೆ ಕಂಡದ್ದು ಅವಳ ಕಾಲು.

ನನ್ನ ಕಥೆಗೆ ಬರುತ್ತೇನೆ. ಸೀಟು ಎತ್ತಿದ ಮೇಲೆ ನೋವು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಹುಡುಗಿಯ ಜೊತೆ ಓಡಾಡುವಾಗ ಸರ್ಕಾರಿ ಆಸ್ಪತ್ರೆಯ ಒಬ್ಬ ಲೇಡಿ ಡಾಕ್ಟರ ಪರಿಚಯವಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಅವರ ಬಳಿ ನನ್ನ ಕಾಲನ್ನೂ ತೆಗೆದುಕೊಂಡು ಹೋದೆ. ಅವರು ಮೊದಲು ಮೀನಖಂಡವನ್ನು ಒತ್ತಿ ನೋಡಿದರು, ಪಾದದ ನಾಡಿ ಹಿಡಿದರು, ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ತಟ್ಟಿದರು. ಆಮೇಲೆ ಪ್ರಶ್ನೆಗಳು. ಬೇರೆಯವರಿಗಿಂತ ಚಳಿ ಜಾಸ್ತಿಯೆ? ಮಲಬದ್ಧತೆ ಇದೆಯೆ? ಕೂದಲು ಉದುರುತ್ತಿದೆಯೆ? ಚರ್ಮ ಒಣಗಿದೆಯೆ? ತೂಕ ಏರಿದೆಯೆ? ದನಿ ಗಡಸಾಗಿದೆಯೆ? ಎಲ್ಲಕ್ಕೂ ಹೌದು, ಹೌದು, ಹೌದು. "ಇದನ್ನೆಲ್ಲ ಯಾಕೆ ಯಾರಿಗೂ ಹೇಳಿಲ್ಲ?" ಎಂದರು. "ವಯಸ್ಸಾಯ್ತು ಅಂದ್ಕೊಂಡೆ ಡಾಕ್ಟ್ರೇ" ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆಯಾಯಿತು. ಊರೆಲ್ಲ ನನಗೆ ಹೇಳಿದ ಮಾತನ್ನು ನಾನು ಅವರಿಗಿಂತ ಮೊದಲೇ ನನಗೆ ಹೇಳಿಕೊಂಡಿದ್ದೆ.

ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಟಿಎಸ್‌ಎಚ್ ಎಂಬುದು ಹೆಚ್ಚೆಂದರೆ ನಾಲ್ಕೈದು ಇರಬೇಕಾದದ್ದು ನನಗೆ 38 ಇತ್ತು. ಥೈರಾಯ್ಡ್ ಗ್ರಂಥಿ ಕೆಲಸ ನಿಧಾನ ಮಾಡಿದರೆ ಮೈಯ ಎಲ್ಲ ಕೆಲಸವೂ ನಿಧಾನ. ಮಾಂಸಖಂಡ ಬಿಗಿದರೆ ಬೇಗ ಸಡಿಲವಾಗುವುದಿಲ್ಲ, ಸೆಳೆತ ಬರುತ್ತದೆ, ಶ್ರಮ ಬಿದ್ದಾಗ ನೋಯುತ್ತದೆ. ಕೊಲೆಸ್ಟ್ರಾಲ್ ಕೂಡ ಇದೇ ಕಾರಣಕ್ಕೆ ಏರುತ್ತದೆ! ಕೊಲೆಸ್ಟ್ರಾಲ್ ಇಳಿಸುವ ಆ ಮಾತ್ರೆ ಕೆಲವರಿಗೆ ಸ್ನಾಯು ನೋವು ತರುತ್ತದೆ. ಥೈರಾಯ್ಡ್ ಕಡಿಮೆ ಇದ್ದು ಅದಕ್ಕೆ ಚಿಕಿತ್ಸೆ ಆಗದವರಿಗೆ ಆ ಸಾಧ್ಯತೆ ಇನ್ನೂ ಹೆಚ್ಚು. ಅದಕ್ಕೇ ಅದನ್ನು ಶುರು ಮಾಡುವ ಮೊದಲು ಥೈರಾಯ್ಡ್ ನೋಡುವುದು ಒಳ್ಳೆಯದು ಎಂದರು. ನನ್ನ ತೋಳು ಯಾಕೆ ಹಿಡಿದುಕೊಂಡಿತ್ತು ಎಂಬುದು ಆಗ ತಿಳಿಯಿತು. ಆ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಥೈರಾಯ್ಡ್ ಮಾತ್ರೆ ಕೊಟ್ಟರು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ನುಂಗಿ, ಕಾಫಿಗೆ ಅರ್ಧ ಗಂಟೆಯಾದರೂ ಕಾಯಬೇಕು. ಕಾಫಿಗೆ ಕಾಯುವುದು ಕಾಲು ನೋವಿಗಿಂತ ಕಷ್ಟವಾಯಿತು ಎಂಬುದು ಬೇರೆ ಮಾತು. ಮೂರು ತಿಂಗಳಲ್ಲಿ ಬಿಗಿತ ಬಹುಪಾಲು ಹೋಯಿತು. ಸೈಕಲ್ ಬಿಟ್ಟಿದ್ದರೆ ಏನಾಗುತ್ತಿತ್ತು? ಶ್ರಮ ಬೀಳದ ಕಾಲು ಸುಮ್ಮನಿರುತ್ತಿತ್ತು. ಎಲ್ಲರೂ "ನೋಡಿ, ನಾವು ಹೇಳಿದ್ದೇ ಸರಿ" ಎನ್ನುತ್ತಿದ್ದರು. ಒಳಗಿನ ರೋಗ ಒಳಗೇ ಬೆಳೆಯುತ್ತಿತ್ತು. ನನ್ನ ರೋಗವನ್ನು ತೋರಿಸಿಕೊಟ್ಟದ್ದೇ ಸೈಕಲ್.

ಓದುವ ಸೋದರಿಯರಲ್ಲಿ ಒಂದು ವಿನಂತಿ. ನನ್ನದು ಥೈರಾಯ್ಡ್ ಆಗಿತ್ತು ಎಂದು ನಿಮ್ಮದೂ ಅದೇ ಎಂದುಕೊಳ್ಳಬೇಡಿ. ಕೊಲೆಸ್ಟ್ರಾಲ್ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಎಷ್ಟೋ ಜನರ ಹೃದಯವನ್ನು ಅದು ಕಾಯುತ್ತಿದೆ. ಡಾಕ್ಟರಿಗೆ ಹೇಳಿ, ಕೇಳಿ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಒಂದಿಷ್ಟು ದೂರ ನಡೆದರೆ ಮೀನಖಂಡ ನೋಯುವುದು, ನಿಂತರೆ ಹೋಗುವುದು ಆಗುತ್ತಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ನೋವಿನ ಜೊತೆಗೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ. ಡಾಕ್ಟರ ಮುಂದೆ ಕೂತಾಗ "ಕಾಲು ನೋವು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಎಲ್ಲಿ, ಎಷ್ಟು ದೂರಕ್ಕೆ, ನಿಂತರೆ ಹೋಗುತ್ತದೆಯೆ, ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಬ್ಬ ಡಾಕ್ಟರು ದಿನಕ್ಕೆ ನೂರು ಜನರನ್ನು ನೋಡಬೇಕು, ಎಲ್ಲವನ್ನೂ ಕೇಳಲು ಹೊತ್ತೆಲ್ಲಿ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಆ ಲೇಡಿ ಡಾಕ್ಟರ ಕೋಣೆಯ ಹೊರಗೂ ಅಷ್ಟೇ ಉದ್ದದ ಸಾಲಿತ್ತು. ಅವರು ನನ್ನನ್ನು ಕೇಳಿ ಮುಗಿಸಲು ತೆಗೆದುಕೊಂಡದ್ದು ಹತ್ತು ನಿಮಿಷ.

ಈಗಲೂ ಚಳಿಯ ಬೆಳಗುಗಳಲ್ಲಿ ಎಡಗಾಲಿನ ಮೀನಖಂಡ ಒಮ್ಮೊಮ್ಮೆ ಹಿಡಿದುಕೊಳ್ಳುತ್ತದೆ. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, "ಇದಕ್ಕೆ ಕಾರಣ ನನಗೆ ಗೊತ್ತಾಗ್ತಿಲ್ಲ, ಹೆಚ್ಚಾದ್ರೆ ಬನ್ನಿ" ಎಂದರು. ಈ ಮಾತಿನಿಂದ ನನಗೆ ಬೇಸರವಾಗಲಿಲ್ಲ. ಮುಟ್ಟಿ ನೋಡಿ, ಕೇಳಿ, ಆಮೇಲೆ ಗೊತ್ತಿಲ್ಲ ಎನ್ನುವವರನ್ನು ನಂಬಬಹುದು. ನೋಡದೆಯೇ ಗೊತ್ತಿದೆ ಎನ್ನುವವರ ಮೇಲೆ ಮಾತ್ರ ನನ್ನ ಸಿಟ್ಟು.

ಆ ಹುಡುಗಿ ಡಿಸೆಂಬರಿನಲ್ಲಿ ಶಾಲೆಗೆ ಮರಳಿದಳು. ಸಾಬರು ಅವಳ ಅಳತೆಗೆ ಒಂದು ಹಳೆಯ ಲೇಡೀಸ್ ಸೈಕಲ್ ಹುಡುಕಿಕೊಟ್ಟರು, ಹಣವನ್ನು ನಾವು ನಾಲ್ಕು ಜನ ಟೀಚರುಗಳು ಹಂಚಿಕೊಂಡೆವು. ಬೇಸಿಗೆ ಹೊತ್ತಿಗೆ ಅವಳ ಹಿಮೋಗ್ಲೋಬಿನ್ 11ರ ಹತ್ತಿರ ಬಂದಿತ್ತು. ತರಗತಿಯ ಎಲ್ಲರ ಎದುರಿಗೆ ನಕ್ಕದ್ದರಿಂದ, ಎಲ್ಲರ ಎದುರಿಗೇ ಅವಳಿಗೆ "ನಾನು ಅಂದದ್ದು ತಪ್ಪು" ಎಂದು ಹೇಳಿದೆ. ಅವಳು "ಇರ್ಲಿ ಬಿಡಿ ಮಿಸ್" ಎಂದಳು. ಹುಡುಗಿಯರು ಈ ಮಾತನ್ನು ಎಷ್ಟು ಬೇಗ ಕಲಿಯುತ್ತಾರೆ ನೋಡಿ!

ಮೊನ್ನೆ ನಮ್ಮ ಯಜಮಾನರು ಸೊಂಟ ಹಿಡಿದುಕೊಂಡು ಬಂದರು. ಬೈಕಿನಲ್ಲಿ ಕೂತರೆ ಸೊಂಟ ಸೆಳೆಯುತ್ತದಂತೆ. ನಾನು ರೊಟ್ಟಿ ತಟ್ಟುತ್ತಾ ತಲೆ ಎತ್ತದೆ, "ಈ ವಯಸ್ಸಿನಲ್ಲಿ ಬೈಕ್ ಯಾಕೆ ಬೇಕಿತ್ತು? ಬಿಟ್ಟುಬಿಡಿ" ಎಂದೆ. ಒಂದು ನಿಮಿಷ ಮಾತಿಲ್ಲದೆ ನಿಂತರು. ಆಮೇಲೆ, "ಅದು ಹೆಂಗಾಗುತ್ತೆ? ಮೊದಲು ತೋರಿಸಬೇಕಲ್ವಾ?" ಎಂದರು. "ಹೌದಲ್ವಾ" ಎಂದು ರೊಟ್ಟಿ ತಿರುವಿ ಹಾಕಿದೆ. ಮರುದಿನ ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.